ಫೈವಿಶ್ ಇದ್ದಾನಲ್ಲ

ಊರಿನ ಯೆಹೂದಿಗಳ ಗುರು ರೆಬ್ಬೆ ಅವಿಗ್ದೋರ್ ಒಂದು ಹೊಸ ಧಾಟಿ ಕಟ್ಟಿದರೆ ಅವರ ಮನೆಗೆ ಆಗುತ್ತಿದ್ದ ಖರ್ಚು ಒಂದು ತುಂಡು ಉಪ್ಪುಮೀನು. ಹಾಡುವ ಗುಂಗಿನಲ್ಲಿ ಅವರು ಅದನ್ನು ಮುಟ್ಟದೆ ತಟ್ಟೆಯಲ್ಲೇ ಬಿಡುತ್ತಿದ್ದರು. ಶಿಷ್ಯರು ಅದನ್ನೇ ಪ್ರಸಾದವೆಂದು ಕಿತ್ತಾಡಿಕೊಂಡು ತಿನ್ನುತ್ತಿದ್ದುದರಿಂದ ಅದನ್ನೂ ನಷ್ಟವೆನ್ನುವಂತಿರಲಿಲ್ಲ.

ಅದೇ ಧಾಟಿ ಬ್ರೈನಾಳ ಮನೆ ಹೊಕ್ಕರೆ ಖರ್ಚು ಬೇರೆ. ಗಂಡ ಫೈವಿಶ್ ಅದನ್ನು ಗುನುಗುತ್ತಾ ಅಂಗಳದಲ್ಲಿ ಶತಪಥ ಹಾಕಿ ಬೂಟಿನ ಅಟ್ಟೆ ಸವೆಸುತ್ತಿದ್ದ. ಒಲೆಯ ಮೇಲಿನ ಕೊಬ್ಬು ನೋಡಿಕೊಳ್ಳಿ ಎಂದರೆ ಕೊಬ್ಬು ಸೀದು ಕರಿಯಾಗುತ್ತಿತ್ತು. ಬೇಲಿಯ ಬಾಗಿಲು ಹಾಕಲು ಮರೆತು ಪ್ರತಿ ಧಾಟಿಗೂ ಒಂದಾದರೂ ಹೆಬ್ಬಾತು ಹೊಳೆಯ ಕಡೆ ಹೋಗಿ ಯಾರದೋ ಸಾರಿನ ಪಾತ್ರೆ ಸೇರುತ್ತಿತ್ತು. ಹೆಬ್ಬಾತು ಸಾಕಿ, ಅದರ ಕೊಬ್ಬು ಮತ್ತು ದಿಂಬಿನ ಪುಕ್ಕ ಮಾರಿ ಸಂಸಾರ ನಡೆಸುತ್ತಿದ್ದವಳು ಬ್ರೈನಾ. ಸಂತೆಯಲ್ಲಿ ಹೆಂಗಸರು, "ಏನೇ ಬ್ರೈನಾ, ಈ ವರ್ಷ ರೆಬ್ಬೆಯವರು ಹೊಸದು ಕಟ್ಟಿದ್ರಂತೆ?" ಎಂದು ಕೇಳಿದರೆ, "ಕಟ್ಟಿದ್ರಮ್ಮಾ, ಬಿಳಿ ರೆಕ್ಕೆಯದು ಒಂದು ಹೋಯ್ತು," ಎನ್ನುತ್ತಿದ್ದಳು.

ಧಾಟಿ ರೆಬ್ಬೆಯವರಿಗೆ ಬರುತ್ತಿದ್ದುದು ಬೆಂಕಿ ಮುಟ್ಟದ, ಕೆಲಸ ಮಾಡದ ಶನಿವಾರ, ಅಂದರೆ ಸಬ್ಬತ್ತಿನ ಸಂಜೆ, ಮೂರನೆಯ ಊಟದ ಹೊತ್ತಿಗೆ. ಸೂರ್ಯ ಮುಳುಗಿರುತ್ತಿದ್ದ, ದೀಪ ಹಚ್ಚುವ ಹಾಗಿಲ್ಲ. ಕತ್ತಲಲ್ಲಿ ಉದ್ದನೆಯ ಮೇಜಿನ ಸುತ್ತ ಗಡ್ಡಗಳು ಮಾತ್ರ ಮಸುಕಾಗಿ ಕಾಣುತ್ತಿದ್ದವು. ಆಗ ರೆಬ್ಬೆ ಕಣ್ಣು ಮುಚ್ಚಿ, ಪದವೇ ಇಲ್ಲದೆ, ಬರೀ ಸ್ವರದಲ್ಲಿ ಹಾಡಲು ತೊಡಗುತ್ತಿದ್ದರು. ಸಬ್ಬತ್ ಮುಗಿಯುವ ತನಕ ಬರೆಯುವುದು ನಿಷಿದ್ಧ. ಆಕಾಶದಲ್ಲಿ ನಕ್ಷತ್ರ ಮೂಡಿ ಸಬ್ಬತ್ ಮುಗಿಯುವಷ್ಟರಲ್ಲಿ ರೆಬ್ಬೆಯವರಿಗೇ ಅದು ಮರೆತುಹೋಗಿರುತ್ತಿತ್ತು. ತಾವು ಕಟ್ಟಿದ್ದು ತಮಗೇ ನೆನಪಿರದ ಮನುಷ್ಯ ಅವರು. ಕುರುಬನ ಕೊಳಲು, ಸಿಪಾಯಿಗಳ ಬ್ಯಾಂಡು, ಮದುವೆ ಮನೆಯ ಪಿಟೀಲು, ಕಿವಿಗೆ ಬಿದ್ದದ್ದನ್ನೆಲ್ಲ ಒಳಗೆ ಎಳೆದುಕೊಂಡು, ತೊಳೆದು ಶುದ್ಧ ಮಾಡಿ, ದೇವರ ಮುಂದೆ ಇಡುತ್ತಿದ್ದರು. ಇಟ್ಟ ಮೇಲೆ ತಿರುಗಿ ನೋಡುತ್ತಿರಲಿಲ್ಲ.

ತಿರುಗಿ ನೋಡುತ್ತಿದ್ದವನು ಫೈವಿಶ್. ಅವನಿಗೆ ಒಂದು ಸಲ ಕೇಳಿದರೆ ಸಾಕಿತ್ತು. ಅವನು ಗಾಡಿ ಹೊಡೆಯುವವನ ಮಗ. ಚಿಕ್ಕಂದಿನಲ್ಲಿ ಕುದುರೆಗೆ ಹಾಡುತ್ತಾ ಹೋಗುತ್ತಿದ್ದಾಗ, ಆಗಿನ್ನೂ ರೆಬ್ಬೆಯಾಗಿರದ ಅವಿಗ್ದೋರ್ ಹಿಂದಿನಿಂದ ಓಡಿಬಂದು ಗಾಡಿ ಹತ್ತಿದ್ದರಂತೆ. ಇಬ್ಬರ ಮೊದಲ ಧಾಟಿ ಹುಟ್ಟಿದ್ದು ಆ ಗಾಡಿಯಲ್ಲೇ. ಅಂದಿನಿಂದ ಕಟ್ಟುವವರು ಒಬ್ಬರು, ಇಟ್ಟುಕೊಳ್ಳುವವನು ಒಬ್ಬ. ಫೈವಿಶ್ ಹೊಸ ಧಾಟಿಯನ್ನು ಮನೆಗೆ ತಂದು ವಾರಗಟ್ಟಲೆ ಹಿಟ್ಟಿನ ಹಾಗೆ ನಾದಿ, ಸಡಿಲವಾದದ್ದನ್ನು ಬಿಗಿ ಮಾಡಿ, ಬೇಸಿಗೆ ಮುಗಿದು ಅವರ ಹೊಸ ವರ್ಷದ ಹಬ್ಬ ಹತ್ತಿರ ಬಂದಾಗ ರೆಬ್ಬೆಯವರ ಮುಂದೆ ಹಾಡುತ್ತಿದ್ದ. ಅವರು ತಲೆದೂಗಿ, "ಚೆನ್ನಾಗಿದೆ. ಯಾರದು?" ಎಂದು ಕೇಳುತ್ತಿದ್ದರು. ಫೈವಿಶ್ ಬೆರಳು ಚಾಚಿ ಅವರನ್ನೇ ತೋರಿಸುತ್ತಿದ್ದ. ಪ್ರತಿ ವರ್ಷವೂ ಇದೇ ತಮಾಷೆ. ಆಮೇಲೆಯೇ ಮಿಕ್ಕ ಹಾಡುಗಾರರಿಗೆ ಕಲಿಸುವುದು. ಫೈವಿಶ್ ಮೊದಲ ಸ್ವರ ಎತ್ತದೆ ಆ ಊರಲ್ಲಿ ಯಾರೂ ರೆಬ್ಬೆಯವರ ಧಾಟಿಗೆ ಬಾಯಿ ಹಾಕುತ್ತಿರಲಿಲ್ಲ. ಒಮ್ಮೆ ಲೆಂಬರ್ಗಿನಿಂದ ಬಂದ ಪಿಟೀಲುಗಾರನೊಬ್ಬ, ವಾರದ ದಿನಗಳಲ್ಲಿ ಕೂತು ಎಲ್ಲವನ್ನೂ ಬರೆದುಕೊಡುತ್ತೇನೆ ಎಂದಾಗ ರೆಬ್ಬೆ ಕೈಯಾಡಿಸಿಬಿಟ್ಟಿದ್ದರು.

"ಯಾಕೆ? ಫೈವಿಶ್ ಇದ್ದಾನಲ್ಲ."

ಹೀಗಿರುವಾಗ ರೆಬ್ಬೆಯವರ ಮಗಳು ಪೆರ್ಲ್ ವಿಷಮಜ್ವರದಲ್ಲಿ ತೀರಿಕೊಂಡಳು. ಮದುವೆಯ ವಯಸ್ಸಿನ ಹುಡುಗಿ. ಅಲ್ಲಿಂದಾಚೆಗೆ ಸಬ್ಬತ್ತಿನ ಸಂಜೆಯ ಕತ್ತಲಲ್ಲಿ ರೆಬ್ಬೆ ಸುಮ್ಮನೆ ಕೂತಿರುತ್ತಿದ್ದರು. ಒಂದು ಹಬ್ಬ ಹಳೆಯ ಧಾಟಿಯಲ್ಲೇ ಕಳೆಯಿತು, ಇನ್ನೊಂದು ಕಳೆಯಿತು, ಮತ್ತೊಂದೂ ಕಳೆಯಿತು. ಕಡೆಗೆ ಅದರ ಮುಂದಿನ ವರ್ಷ ಬೇಸಿಗೆಯ ಶುರುವಿನಲ್ಲಿ, ಯಾರೂ ನಿರೀಕ್ಷೆ ಮಾಡದ ಒಂದು ಸಂಜೆ, ಅವರ ಗಂಟಲಿಂದ ಹೊಸ ಧಾಟಿಯೊಂದು ಹೊರಟಿತು. ಮೇಜಿನ ಸುತ್ತ ಇದ್ದವರೆಲ್ಲ ಅಳುತ್ತಾ ಕೂತಿದ್ದರಂತೆ. ಅಳುವವರಿಗೆ ಧಾಟಿ ಎಲ್ಲಿ ನೆನಪಿರುತ್ತದೆ? ಫೈವಿಶ್ ಮಾತ್ರ ಅಳದೆ ಕೇಳಿಸಿಕೊಂಡು ಮನೆಗೆ ತಂದ. ಆ ಸಲ ಬ್ರೈನಾ ಹೆಬ್ಬಾತು ಹೋದರೂ ಬೈಯಲಿಲ್ಲ.

ಕೆಲವು ವಾರಗಳ ಮೇಲೆ ಒಂದು ಬೆಳಗ್ಗೆ, ಹೆಬ್ಬಾತುಗಳಿಗೆ ನೀರು ಒಯ್ಯುತ್ತಿದ್ದ ಫೈವಿಶ್ ಅಂಗಳದಲ್ಲಿ ಕುಸಿದು ಬಿದ್ದ. ಪಾರ್ಶ್ವವಾಯು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು.

ಡಾಕ್ಟರು ನೋಡಿ, "ಜೀವಕ್ಕೆ ಭಯ ಇಲ್ಲಮ್ಮ. ಮಾತು ಬರೋದು ಕಷ್ಟ," ಎಂದು ಹೇಳಿ ಹೋದರು. ಫೈವಿಶನ ಬಾಯಲ್ಲಿ "ಬ... ಬ..." ಎಂಬುದೊಂದೇ ಉಳಿದಿತ್ತು. ಅವನು ಹೆಂಡತಿಯ ಹೆಸರು ಹೇಳಲು ಹೆಣಗುತ್ತಿದ್ದಾನೆಂದು ಬ್ರೈನಾಳಿಗೆ ಗೊತ್ತಾಗುತ್ತಿತ್ತು. ಆಗದೆ ಹೋದಾಗ ಅವನು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ಇವಳು ಹೊರಗೆ ಹೋಗಿ ಪುಕ್ಕ ಕೀಳುತ್ತಿದ್ದಳು, ಬೇಕಾದ್ದಕ್ಕಿಂತ ಜೋರಾಗಿ.

ಊರವರು ಬಂದರು. ಕಿಟಕಿಯ ಕೆಳಗೆ ನಿಂತು ಧರ್ಮಗ್ರಂಥದ ಕೀರ್ತನೆಗಳನ್ನು ಪಿಸುದನಿಯಲ್ಲಿ ಓದಿದರು. ಯಾರೂ ಹಾಡಲಿಲ್ಲ. ಫೈವಿಶ್ ಎತ್ತದ ಸ್ವರವನ್ನು ಫೈವಿಶನ ಮನೆಯಲ್ಲೇ ಎತ್ತುವುದೆಂದರೆ ಕುಂಟನ ಮುಂದೆ ಕುಣಿದ ಹಾಗಲ್ಲವೇ? ಹಾಡಿನಿಂದಲೇ ಬದುಕಿದ್ದ ಮನುಷ್ಯ ಹೀಗೆ ಎಲ್ಲರ ಮರ್ಯಾದೆಯ ದೆಸೆಯಿಂದ ಒಂದು ಹಾಡೂ ಕಿವಿಗೆ ಬೀಳದೆ ಮಲಗಿದ್ದ.

ರೆಬ್ಬೆಯವರ ಕಾರ್ಯಸ್ಥ ಲೈಬುಶ್ ದಿನಾ ಬರುತ್ತಿದ್ದ.

"ಹೇಗಿದ್ದಾರೆ ಬ್ರೈನಾ?"

"ಮಲಗಿದ್ದಾರೆ."

"ಏನಾದ್ರೂ ಹೇಳಿದ್ರಾ?"

"ಏನು ಹೇಳ್ಬೇಕಿತ್ತು?"

"ಅಲ್ಲಾ, ಅದೇ... ಹೊಸದು. ಹಬ್ಬ ಹತ್ರ ಬಂತಲ್ಲಮ್ಮಾ. ಒಂಚೂರು ಗುನುಗಿದ್ರೂ ಸಾಕು..."

"ಲೈಬುಶ್, ನನ್ನ ಗಂಡ ಏನು ಬೀರುವಾ? ಬಾಗಿಲು ತೆಗೆದು ನಿನ್ನ ಕೋಟು ಎತ್ಕೊಂಡು ಹೋಗೋಕೆ?"

"ಅಯ್ಯೋ, ನಾನು ಹಾಗಂದ್ನಾ?"

"ಬಂದೋರೆಲ್ಲ ಮೊದಲು ಅವರ ಬಾಯಿ ನೋಡ್ತಾರೆ, ಆಮೇಲೆ ಮುಖ ನೋಡ್ತಾರೆ. ಅವರು ಗಂಜಿ ಕುಡಿದ್ರಾ ಅಂತ ಒಬ್ಬನಾದ್ರೂ ಕೇಳಿದ್ನಾ? ಹೋಗು. ಹೋಗ್ತಾ ಬೇಲಿ ಬಾಗಿಲು ಹಾಕು."

ಮರುದಿನದಿಂದ ಬ್ರೈನಾ ಯಾರನ್ನೂ ಒಳಗೆ ಬಿಡಲಿಲ್ಲ.

ಆ ವಾರದಲ್ಲೇ ಒಂದು ಮಧ್ಯಾಹ್ನ ರೆಬ್ಬೆ ತಾವೇ ನಡೆದು ಬಂದರು. ಅವರು ಯಾರ ಮನೆಗೂ ಹೋಗುವವರಲ್ಲ, ಊರೇ ಅವರ ಮನೆಗೆ ಹೋಗುವುದು. ರೇಷ್ಮೆಯ ನಿಲುವಂಗಿಯ ಅಂಚನ್ನು ಕೈಯಲ್ಲಿ ಎತ್ತಿ ಹಿಡಿದು ಹೆಬ್ಬಾತುಗಳ ಕೆಸರು ದಾಟುತ್ತಿದ್ದುದನ್ನು ಬೀದಿಯ ಕಿಟಕಿಗಳೆಲ್ಲ ನೋಡಿದವು. ಬ್ರೈನಾ ಬಾಗಿಲಿಗೆ ಅಡ್ಡ ನಿಂತಳು. ಕೈಯಲ್ಲಿ ಅರ್ಧ ಪುಕ್ಕ ಕಿತ್ತ ಹೆಬ್ಬಾತು ಇತ್ತು.

"ರೆಬ್ಬೆಯವರು ಕ್ಷಮಿಸ್ಬೇಕು. ತಾವು ಬಂದಿದ್ದು ಮನುಷ್ಯನ್ನ ನೋಡೋಕೋ, ಧಾಟಿ ಕೇಳೋಕೋ?"

ಹಿಂದೆ ನಿಂತಿದ್ದ ಲೈಬುಶನ ಮುಖ ಬಿಳಿಚಿಕೊಂಡಿತು. ರೆಬ್ಬೆ ಎತ್ತಿ ಹಿಡಿದಿದ್ದ ಅಂಚನ್ನು ಕೆಳಗೆ ಬಿಟ್ಟರು.

"ಎರಡಕ್ಕೂ ಬ್ರೈನಾ. ಧಾಟಿ ಬೇಡ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಅವನು ಗಂಜಿ ಕುಡಿದ್ನಾ?"

ಬ್ರೈನಾ ದಾರಿ ಬಿಟ್ಟಳು.

ರೆಬ್ಬೆ ಹಾಸಿಗೆಯ ಪಕ್ಕ ಮುಕ್ಕಾಲಿಯ ಮೇಲೆ ಕೂತರು. ಫೈವಿಶ್ ಅವರನ್ನು ನೋಡಿ "ಬ... ಬ..." ಎಂದ. ಕಣ್ಣಲ್ಲಿ ನೀರು ತುಂಬಿತು. ರೆಬ್ಬೆ ಅವನ ಎಡಗೈ ಹಿಡಿದು ಕೂತರು. ಬ್ರೈನಾ ಅಡುಗೆಮನೆಗೆ ಹೋಗಿ ತನ್ನ ಕೆಲಸ ಹಚ್ಚಿಕೊಂಡಳು.

ಆಗ ರೆಬ್ಬೆ, ಏನು ಮಾಡಲೂ ತೋಚದೆ, ಅಭ್ಯಾಸಬಲದಿಂದಲೇ ಗುನುಗತೊಡಗಿದರು. ಅದು ಗಾಡಿಯ ಧಾಟಿ, ಇಬ್ಬರ ಮೊದಲನೆಯದು. ಮೊದಲ ಸಾಲು ಸರಿಯಾಗಿಯೇ ಬಂತು. ಎರಡನೆಯ ಸಾಲಿನಲ್ಲಿ, ಇಳಿಯಬೇಕಾದ ಕಡೆ ಅವರು ಏರಿದರು.

ಟಕ್ ಎಂದು ಸದ್ದಾಯಿತು. ಫೈವಿಶ್ ಎಡಗೈಯನ್ನು ಬಿಡಿಸಿಕೊಂಡು ಮಂಚದ ಕಟ್ಟಿಗೆಗೆ ಬೆರಳಿಂದ ಕುಟ್ಟಿದ್ದ. ಹಾಡುಗಾರರು ತಪ್ಪಿದಾಗ ಅವನು ಮೇಜಿಗೆ ಕುಟ್ಟುತ್ತಿದ್ದುದು ಹೀಗೆಯೇ.

"ತಪ್ಪಾ?" ಎಂದರು ರೆಬ್ಬೆ. ಮತ್ತೆ ಮೊದಲಿಂದ ಶುರು ಮಾಡಿ ಮತ್ತೆ ಅಲ್ಲೇ ಏರಿದರು.

ಟಕ್ ಟಕ್.

"ಇರಪ್ಪ, ವಯಸ್ಸಾಗಿದೆ." ಮೂರನೆಯ ಸಲವೂ ಏರಿದರು. ಈ ಸಲ ಇನ್ನೂ ಮೇಲಕ್ಕೆ.

ಫೈವಿಶನ ಮುಖ ಕೋಪದಿಂದ ಕೆಂಪಾಯಿತು. ಕತ್ತು ಎತ್ತಿದ. ಬಾಯಿ ತೆರೆದ. ಧಾಟಿ ಇಳಿಯಬೇಕಾದ ಕಡೆ ಇಳಿಯಿತು. ಒರಟಾಗಿ, ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟುತ್ತಾ, ಆದರೆ ಒಂದು ಸ್ವರವೂ ತಪ್ಪದೆ ಕೊನೆಯ ತನಕ ಬಂತು.

ಬ್ರೈನಾ ಹೆಬ್ಬಾತಿನ ಸಮೇತ ಬಾಗಿಲಲ್ಲಿ ನಿಂತಿದ್ದಳು. ತೋಳಿನ ತುಂಬ ಪುಕ್ಕ. ಹಾಡು ನಿಂತಾಗ ಫೈವಿಶ್ ಅವಳ ಕಡೆ ತಿರುಗಿ ಏನೋ ಹೇಳಲು ಹೋದ. ಬಂದದ್ದು ಮತ್ತೆ ಅದೇ "ಬ... ಬ..."

"ಮಾತು ಬಿಡು," ಎಂದರು ರೆಬ್ಬೆ, ಅಳುತ್ತಲೂ ನಗುತ್ತಲೂ. "ನಮ್ಮಿಬ್ಬರಿಗೆ ಮಾತು ಯಾವತ್ತು ಕೆಲಸಕ್ಕೆ ಬಂದಿತ್ತು?"

ಅಂದಿನಿಂದ ರೆಬ್ಬೆ ದಿನಾ ಬಂದರು. ಬಂದು ತಮ್ಮ ಹಳೆಯ ಧಾಟಿಗಳನ್ನು ಒಂದೊಂದಾಗಿ ತಪ್ಪು ಹಾಡುತ್ತಿದ್ದರು. ಫೈವಿಶ್ ಕುಟ್ಟುತ್ತಿದ್ದ, ಸಿಡುಕುತ್ತಿದ್ದ, ಕಡೆಗೆ ತಾಳಲಾರದೆ ತಾನೇ ಹಾಡುತ್ತಿದ್ದ. ಗಂಟಲು ದಿನದಿಂದ ದಿನಕ್ಕೆ ತಿಳಿಯಾಯಿತು. ಗಂಜಿಯ ಬದಲು ಬ್ರೆಡ್ಡು ಕೇಳುವಷ್ಟು ಹಸಿವೂ ಬಂತು. ಆದರೆ ಯಾರಾದರೂ ಹಾಡು ಶುರು ಮಾಡಿಕೊಟ್ಟರೆ ಮಾತ್ರ ಅವನು ಹಾಡುತ್ತಿದ್ದ. ತಾನಾಗಿ ಒಂದು ಸ್ವರವನ್ನೂ ಎತ್ತಲಾರ.

ಒಂದು ದಿನ ಚಹಾ ತಂದಿಟ್ಟು ಬ್ರೈನಾ ಕೇಳಿದಳು: "ರೆಬ್ಬೆಯವರೇ, ತಾವು ಬೇಕೂಂತ ತಪ್ಪು ಹಾಡ್ತೀರಾ?"

"ಮೊದಲ್ನೇ ದಿನ ಇಲ್ಲ. ಅವತ್ತು ನಿಜವಾಗ್ಲೂ ಮರ್ತಿದ್ದೆ."

"ಈಗ?"

"ಈಗ್ಲೂ ಅರ್ಧಕ್ಕರ್ಧ ನಿಜವೇ." ರೆಬ್ಬೆ ನಕ್ಕರು.

"ಮತ್ತೆ ಹೊಸದನ್ನ ಯಾಕೆ ಕೇಳಲ್ಲ? ಹಬ್ಬ ಬಂದೇಬಿಡ್ತು. ನಾನು ಬೈತೀನಿ ಅಂತಾನಾ?"

ರೆಬ್ಬೆಯವರ ನಗು ಹೋಯಿತು. "ಹೇಗೆ ಕೇಳ್ಲಿ ಬ್ರೈನಾ? ತಪ್ಪು ಹಾಡ್ಬೇಕು ಅಂದ್ರೂ ಸ್ವಲ್ಪ ಗೊತ್ತಿರ್ಬೇಕಲ್ಲ. ಅದರ ಒಂದು ಸ್ವರಾನೂ ನನ್ನ ಹತ್ರ ಇಲ್ಲ. ಅವತ್ತು ಕೂತಿದ್ದೋರ್ನೆಲ್ಲ ಕೇಳಿದೆ. ಅತ್ತಿದ್ದು ನೆನಪಿದೆಯಂತೆ, ಹಾಡಿದ್ದು ನೆನಪಿಲ್ವಂತೆ. ಪೆರ್ಲ್ ಹೋದ್ಮೇಲೆ ಬಂದದ್ದು ಅದೊಂದೇ. ಅದೂ ಹೋದ್ರೆ, ಇನ್ನೊಂದು ಬರುತ್ತೆ ಅನ್ನೋ ಧೈರ್ಯ ನನಗಿಲ್ಲ."

ಫೈವಿಶ್ ಇಬ್ಬರನ್ನೂ ನೋಡುತ್ತಾ ಮಲಗಿದ್ದ. ಒಳಗೆ ಇದೆ, ಬಾಗಿಲು ಯಾವ ಕಡೆ ಎಂದು ಗೊತ್ತಿಲ್ಲ, ಹಾಗಿತ್ತು ಅವನ ನೋಟ.

"ನನಗೆ ಗೊತ್ತಲ್ಲ," ಎಂದುಬಿಟ್ಟಳು ಬ್ರೈನಾ.

ಅಂದ ಮೇಲೆ ಏಪ್ರನ್ನಿಗೆ ಕೈ ಒರೆಸಿಕೊಂಡಳು. ಗೊತ್ತಿಲ್ಲದೆ ಏನು? ವಾರಗಟ್ಟಲೆ ಅಂಗಳದಲ್ಲಿ ಅವನು ನಾದಿದ್ದು, ಇವಳು ಪುಕ್ಕ ಕೀಳುತ್ತಾ ಕೇಳಿದ್ದು. ಪೂರ್ತಿ ಸರಿಯಾಗಿ ಅಲ್ಲ, ಅಲ್ಲೊಂದು ಇಲ್ಲೊಂದು ಬಿಟ್ಟು. ಆದರೆ ಪರಗಂಡಸಿನ ಕಿವಿಗೆ, ಅದರಲ್ಲೂ ರೆಬ್ಬೆಯವರ ಕಿವಿಗೆ ಹೆಂಗಸಿನ ಹಾಡು ಬೀಳುವ ಹಾಗಿಲ್ಲ. ಅದು ಅವಳಿಗೂ ಗೊತ್ತು, ಅವರಿಗೂ ಗೊತ್ತು. ಇಬ್ಬರೂ ನೆಲ ನೋಡಿದರು.

"ಗಂಡನ ಮುಂದೆ ಹೆಂಡ್ತಿ ಹಾಡ್ಬಾರ್ದು ಅಂತ ಎಲ್ಲೂ ಹೇಳಿಲ್ಲ," ಎಂದರು ರೆಬ್ಬೆ ಕಡೆಗೆ. "ನಾನು ಬಾವಿ ಹತ್ರ ಹೋಗಿ ನಿಂತ್ಕೋತೀನಿ."

"ಬಾವಿಗೂ ಕೇಳುತ್ತೆ. ಸಂತೇಲಿ ಬೆಳೆದ ಗಂಟಲು ನಂದು."

"ಹಾಗಾದ್ರೆ ಸೇತುವೆ ತನಕ."

"ಸೇತುವೆ ದಾಟಿ ಆ ಕಡೆ ನಿಂತ್ರೆ ವಾಸಿ. ಮುಗಿದ್ಮೇಲೆ ಕಿಟಕಿಗೆ ಬಿಳೀ ದಿಂಬಿನ ಚೀಲ ತೂಗಿಹಾಕ್ತೀನಿ. ಆಗ ಬನ್ನಿ."

ಹೀಗೆ ರೆಬ್ಬೆ ಅವಿಗ್ದೋರ್ ಸಂತೆಯ ದಿನ ನಡುಮಧ್ಯಾಹ್ನ ಸೇತುವೆಯ ಆಚೆ ನಿಂತು ಒಂದು ಕಿಟಕಿಯನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಲೈಬುಶ್, ಎರಡೂ ಕಿವಿಗೆ ಬೆರಳು ತುರುಕಿಕೊಂಡು. ಗಾಡಿಗಳು ನಿಂತವು. ಆಕಾಶದಲ್ಲಿ ಏನು ಕಾಣಿಸುತ್ತಿದೆಯೋ ಎಂದು ಇನ್ನಷ್ಟು ಜನ ಬಂದು ಅವರ ಹಿಂದೆ ನಿಂತರು.

ಇತ್ತ ಬ್ರೈನಾ ಬಾಗಿಲು ಹಾಕಿದಳು. ನಾಚಿಕೆಯಾಯಿತು. ಮದುವೆಯಾದಾಗಿನಿಂದ ಗಂಡನ ಮುಂದೆ ಅವಳು ಹಾಡಿದ್ದಿಲ್ಲ. ಅಂಥ ಗಂಟಲಿನವನ ಮುಂದೆ ಯಾರು ಹಾಡುತ್ತಾರೆ?

"ನಗಬೇಡಿ, ಹೇಳಿದ್ದೀನಿ," ಎಂದು ಶುರು ಮಾಡಿದಳು.

ಎರಡನೆಯ ಸ್ವರಕ್ಕೇ ಟಕ್.

"ಸರಿ, ಸರಿ." ಮತ್ತೆ ಹಾಡಿದಳು.

ಟಕ್ ಟಕ್ ಟಕ್.

"ಇದಕ್ಕಿಂತ ಚೆನ್ನಾಗಿ ಬರಲ್ಲ ನನಗೆ! ಕೊಬ್ಬು ಕಾಯ್ಸಿ ಕಾಯ್ಸಿ ಒಣಗಿದ ಗಂಟಲು ಇದು. ಸರಿ ಇಲ್ಲ ಅಂದ್ರೆ ನೀವೇ ಹಾಡ್ರೀ!"

ಫೈವಿಶ್ ಹಾಡಿದ. ಮೊದಲ ಭಾಗ ಬಂತು. ಎರಡನೆಯದಕ್ಕೆ ಅವಳು ದಾರಿ ತೋರಿಸಬೇಕಾಯಿತು, ತಪ್ಪು ದಾರಿಯೇ ಆದರೂ. ಮೂರನೆಯದಕ್ಕೆ ಬಂದಾಗ ಅವಳಿಗೂ ಸರಿಯಾಗಿ ನೆನಪಿರಲಿಲ್ಲ. ಎತ್ತರಕ್ಕೆ ಹೋಗಿ ಯಾರನ್ನೋ ಕರೆದ ಹಾಗೆ ಇತ್ತು ಎಂಬುದಷ್ಟೇ ಗೊತ್ತು. ಹಾಗೇ ಕರೆದಳು, ಸಂತೆಯಲ್ಲಿ ಕೂಗುವ ಹಾಗೆ. ಫೈವಿಶ್ ಕಣ್ಣು ಮುಚ್ಚಿದ. ಆ ಕೂಗನ್ನು ತೆಗೆದುಕೊಂಡು, ಮೆತ್ತಗೆ ಮಾಡಿ, ಮೇಲಕ್ಕೆ ಒಯ್ದ. ಅದು ಸಂಜೆ ಹೊತ್ತು ಅಂಗಳದಲ್ಲಿ ಆಡುತ್ತಿರುವ ಮಗುವನ್ನು ಅಪ್ಪ ಊಟಕ್ಕೆ ಕರೆಯುವ ದನಿ. ಒಂದು ಸಲ ಕರೆದು, ಕಾದು, ಮತ್ತೊಂದು ಸಲ ಕರೆಯುತ್ತದೆ. ಆಮೇಲೆ, ಮಗು ಬಂದೇಬಿಟ್ಟಿತು ಎಂಬಂತೆ, ಧಾಟಿ ನಿಧಾನಕ್ಕೆ ಮನೆಯೊಳಕ್ಕೆ ಇಳಿಯುತ್ತದೆ.

ಮುಗಿದ ಮೇಲೆ ಬ್ರೈನಾ ಮಂಚದ ಅಂಚಿನಲ್ಲಿ ಕೂತುಬಿಟ್ಟಳು. ಚೀಲದ ಮಾತು ಮರೆತೇಹೋಯಿತು. ಎಷ್ಟೋ ಹೊತ್ತಿನ ಮೇಲೆ, ಸೇತುವೆಯ ಕಡೆ ನೆರೆದ ಜನರ ಗದ್ದಲ ಕೇಳಿ ಎದ್ದು ತೂಗಿಹಾಕಿದಳು.

ರೆಬ್ಬೆ ಬಂದರು. ಬ್ರೈನಾ ಹಿಂದಿನ ಬಾಗಿಲಿನಿಂದ ಅಂಗಳಕ್ಕೆ ಹೋದಳು. ಅವರು ಬೇಲಿ ದಾಟುವ ಮೊದಲೇ ಅವಳು ಮೊದಲ ಸ್ವರವನ್ನು ಹಿಡಿಸಿಕೊಟ್ಟಿದ್ದರಿಂದ ಫೈವಿಶನ ಬಾಯಲ್ಲಿ ಧಾಟಿ ಇನ್ನೂ ಬೆಚ್ಚಗಿತ್ತು. ಅವನು ಮೊದಲಿನಿಂದ ಕೊನೆಯ ತನಕ ಹಾಡಿದ. ಕಿಟಕಿಯಿಂದ ಎಲ್ಲವೂ ಕೇಳಿಸುತ್ತಿತ್ತು. ಹಾಡು ಮುಗಿಯಿತು. ಆಮೇಲೆ ರೆಬ್ಬೆ ಮೂಗೆಳೆದುಕೊಂಡ ಸದ್ದು.

"ಚೆನ್ನಾಗಿದೆ," ಎಂದರು. "ಯಾರದು?"

ಫೈವಿಶ್ ಎಡಗೈ ಬೆರಳು ಚಾಚಿ ಎಂದಿನಂತೆ ರೆಬ್ಬೆಯವರನ್ನು ತೋರಿಸಿದ. ಆಮೇಲೆ ಅದೇ ಬೆರಳನ್ನು ತಿರುಗಿಸಿ, ಕಿಟಕಿಯಾಚೆ ಹೆಬ್ಬಾತುಗಳ ನಡುವೆ ನಿಂತಿದ್ದ ಹೆಂಡತಿಯನ್ನು ತೋರಿಸಿದ.

"ಲೈಬುಶ್," ಎಂದು ರೆಬ್ಬೆ ಕೂಗಿದರು, "ಇವತ್ತೇ ಹಾಡುಗಾರರನ್ನ ಕರೆಸು, ಇಲ್ಲೇ ಕೂತು ಕಲೀಲಿ. ಆ ಲೆಂಬರ್ಗಿನ ಪಿಟೀಲುಗಾರನಿಗೂ ಹೇಳಿಕಳಿಸು, ಬಂದು ಬರ್ಕೊಳ್ಳಲಿ. ಫೈವಿಶ್ ಇದ್ದಾನಲ್ಲ ಅಂತ ಸುಮ್ಮನಿದ್ದದ್ದು ಸಾಕು."

"ಬರೋರೆಲ್ಲ ಬೇಲಿ ಬಾಗಿಲು ಹಾಕ್ಕೊಂಡು ಬರ್ಲಿ!" ಎಂದು ಅಂಗಳದಿಂದ ಬ್ರೈನಾಳ ದನಿ ಬಂತು.

ಹೊಸ ವರ್ಷದ ಹಬ್ಬಕ್ಕೆ ಫೈವಿಶನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಪ್ರಾರ್ಥನಾ ಮಂದಿರಕ್ಕೆ ಹೊತ್ತು ತಂದರು. ಮೊದಲ ಸ್ವರ ಎತ್ತಲು ಅವನಿಗೆ ಆಗುವುದಿಲ್ಲವಲ್ಲ ಎಂದು ಎಲ್ಲರೂ ಕಾದರು. ರೆಬ್ಬೆ ಅವನ ಕಿವಿಯ ಹತ್ತಿರ ಬಾಗಿ ಅದನ್ನು ತಪ್ಪಾಗಿ ಗುನುಗಿದರು. ಟಕ್ ಎಂದು ಕುರ್ಚಿಯ ಕೈಗೆ ಬೆರಳು ಬಡಿಯಿತು, ಹಾಡು ಎದ್ದಿತು. ಮೇಲಂತಸ್ತಿನ ಹೆಂಗಸರ ಸಾಲಿನಲ್ಲಿ ಬ್ರೈನಾ ಬಾಯಿ ಮುಚ್ಚಿಕೊಂಡು ಕೇಳಿದಳು. ಮೂರನೆಯ ಭಾಗ ಬಂದಾಗ ಪಕ್ಕದವಳು, "ಈ ಜಾಗ ನೋಡೇ, ಎಷ್ಟು ಚೆನ್ನಾಗಿದೆ," ಎಂದು ಪಿಸುಗುಟ್ಟಿದಳು. "ಅಲ್ಲಿ ಒಂಚೂರು ಕೊಬ್ಬು ಜಾಸ್ತಿಯಾಯ್ತು," ಎಂದಳು ಬ್ರೈನಾ.

ಆ ಚಳಿಗಾಲದಲ್ಲಿ ರೆಬ್ಬೆ ಇನ್ನೊಂದು ಧಾಟಿ ಕಟ್ಟಿದರು, ಅದರ ಮುಂದಿನ ಬೇಸಿಗೆಯಲ್ಲಿ ಮತ್ತೊಂದು.

ಫೈವಿಶನ ಬಲಗೈ ಮತ್ತೆ ಏಳಲಿಲ್ಲ. ಮಾತೂ ಹಿಂತಿರುಗಲಿಲ್ಲ. ಹಳೆಯ ಧಾಟಿಗಳಲ್ಲಿ ರೆಬ್ಬೆಗಾಗಲೀ ಬ್ರೈನಾಳಿಗಾಗಲೀ ಶುರುವೇ ನೆನಪಾಗದ ಕೆಲವು ಅವನೊಳಗೇ ಉಳಿದುಹೋದವು. ಪೆರ್ಲಳ ಧಾಟಿ ಉಳಿಯಿತು. ಮತ್ತು ಬೆಳಗ್ಗೆ ಎದ್ದು ನೀರು ಬೇಕೆನಿಸಿದಾಗ ಫೈವಿಶ್ ಆ ಧಾಟಿಯ ಮೂರನೆಯ ಭಾಗದಲ್ಲಿ, ಕರೆಯುವ ಜಾಗದಲ್ಲಿ, "ಬ್ರೈನಾ" ಎಂದು ಪೂರ್ತಿ ಹೆಸರು ಹಾಡುವುದನ್ನು ಕಲಿತ.